ಲೈನ್ ಮನೆಯ ಬಾಗಿಲು ಬಡಿಯುವ ಮುನ್ನ

ಕೊಡಗಿನ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಉಸ್ತುವಾರಿ ಸಚಿವರಿಗೆ, ಮಡಿಕೇರಿ ಮತ್ತು ವಿರಾಜಪೇಟೆ ಕ್ಷೇತ್ರಗಳ ಶಾಸಕರಿಗೆ, ನಮ್ಮ ಸಂಸದರಿಗೆ ಹಾಗೂ ನನ್ನ ಜೊತೆಯ ಬೆಳೆಗಾರರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮ್ಮ ಸುಗ್ಗಿಯ ಹಬ್ಬ ಹುತ್ತರಿ ಮುಗಿಯಿತು. ಅರೇಬಿಕಾ ಕೊಯ್ಲು ಅರ್ಧ ದಾಟಿದೆ, ರೋಬಸ್ಟಾ ಬಣ್ಣ ತಿರುಗುತ್ತಿದೆ. ನಾನು ಅಮ್ಮತ್ತಿ ಸಮೀಪ ಒಂಬತ್ತು ಎಕರೆ ತೋಟ ನೋಡಿಕೊಂಡಿರುವ 63 ವರ್ಷದ ಹೆಂಗಸು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದೆ. ಯಜಮಾನರು ತೀರಿಕೊಂಡ ಮೇಲೆ ತೋಟದ ಲೆಕ್ಕವೂ ಆಳುಗಳ ಲೆಕ್ಕವೂ ನನ್ನ ಕೈಗೆ ಬಂದವು. ಇದುವರೆಗೆ ಪತ್ರಿಕೆಗೆ ಒಂದು ಸಾಲು ಬರೆದವಳಲ್ಲ. ಕಳೆದ ಜನವರಿಯಲ್ಲಿ ಕಂಡದ್ದನ್ನು ಹೇಳದೆ ಮತ್ತೊಂದು ಕೊಯ್ಲಿಗೆ ಇಳಿಯಲು ಮನಸ್ಸು ಒಪ್ಪುತ್ತಿಲ್ಲ.

ನಮ್ಮ ಲೈನ್ ಮನೆಯಲ್ಲಿ, ಅಂದರೆ ಆಳುಗಳಿಗೆಂದು ತೋಟದಲ್ಲಿ ಸಾಲಾಗಿ ಕಟ್ಟಿದ ಮನೆಗಳಲ್ಲಿ, ಅಸ್ಸಾಮಿನಿಂದ ಬಂದ ಹನ್ನೊಂದು ಜನ ಇದ್ದರು. ನಾಲ್ಕು ಜೋಡಿ ಗಂಡಹೆಂಡಿರು, ಮೂವರು ಹುಡುಗರು. ಜೊತೆಗೆ ಎರಡು ಸಣ್ಣ ಮಕ್ಕಳು. ಮೂರು ವರ್ಷಗಳಿಂದ ಕೊಯ್ಲಿಗೆ ತಪ್ಪದೆ ಬರುತ್ತಿದ್ದವರು. ಒಂದು ರಾತ್ರಿ ಎಂಟೂವರೆಯ ಹೊತ್ತಿಗೆ ಐದಾರು ಬೈಕುಗಳು ತೋಟದ ರಸ್ತೆಯಲ್ಲಿ ಇಳಿದು ಬಂದವು. ಬಂದವರು ಪೊಲೀಸರಲ್ಲ, ಕಂದಾಯ ಇಲಾಖೆಯವರಲ್ಲ, ಯಾವ ಇಲಾಖೆಯವರೂ ಅಲ್ಲ. ಬಾಗಿಲು ಬಡಿದು, ಗಂಡಸರನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಮುಖಕ್ಕೆ ಮೊಬೈಲ್ ಬೆಳಕು ಹಿಡಿದು ದಾಖಲೆ ಕೇಳಿದರು. ಆಧಾರ್ ಕಾರ್ಡ್ ಕೊಟ್ಟರೆ ನಕಲಿ ಎಂದರು. ಎಲ್ಲವನ್ನೂ ವಿಡಿಯೊ ಮಾಡಿಕೊಂಡರು. ನಾನು ಟಾರ್ಚ್ ಹಿಡಿದು ಇಳಿಜಾರು ಇಳಿದು ಹೋಗುವಷ್ಟರಲ್ಲಿ ಹೊರಟು ನಿಂತಿದ್ದರು. ಅವರಲ್ಲಿ ಇಬ್ಬರು ನನ್ನ ಕೈಯಲ್ಲಿ ಅಕ್ಷರ ಕಲಿತವರು. ‘ಟೀಚರೇ, ನೀವು ಒಬ್ಬರೇ ಇರುತ್ತೀರಿ, ನಿಮ್ಮ ಒಳ್ಳೆಯದಕ್ಕೇ ಮಾಡುತ್ತಿದ್ದೇವೆ’ ಎಂದರು.

ಬೆಳಗಿನ ಜಾವ ಹೋಗಿ ನೋಡಿದರೆ ಲೈನ್ ಖಾಲಿ. ಬಚ್ಚಲ ಕಟ್ಟೆಯ ಮೇಲೆ ಒಗೆದು ಹಿಂಡಿಟ್ಟ ಬಟ್ಟೆ ಹಾಗೆಯೇ ಇತ್ತು. ನಾಲ್ಕು ದಿನದ ಕೂಲಿಯನ್ನು ನನ್ನ ಬಳಿಯೇ ಬಿಟ್ಟು ಹೋಗಿದ್ದರು. ದುಡಿದ ಹಣ ಕೇಳಲೂ ನಿಲ್ಲದೆ ಓಡಬೇಕಾದರೆ ಆ ರಾತ್ರಿ ಅವರು ಎಷ್ಟು ಹೆದರಿರಬೇಕು ಎಂದು ಈಗಲೂ ಯೋಚಿಸುತ್ತೇನೆ. ಆಮೇಲೆ ಐದು ಎಕರೆ ರೋಬಸ್ಟಾ ಗಿಡದಲ್ಲೇ ಕಪ್ಪಾಯಿತು, ಅರ್ಧ ನೆಲಕ್ಕುದುರಿತು. ಹಣ್ಣು ಕೊಯ್ದು ಮುಗಿಸದೆ ಹೂವಿಗೆ ಸ್ಪ್ರಿಂಕ್ಲರ್ ನೀರು ಬಿಡುವಂತಿಲ್ಲ. ನೀರು ತಡವಾದರೆ ಹೂವು ತಡ, ಹೂವು ಕೆಟ್ಟರೆ ಮುಂದಿನ ವರ್ಷದ ಫಸಲೂ ಹೋಯಿತು. ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೆರೆಹೊರೆಯವರ ಭಯ ಸುಳ್ಳು ಎಂದು ನಾನು ಹೇಳುವುದಿಲ್ಲ. ನಮ್ಮ ಮನೆಗಳು ಒಂದರಿಂದ ಒಂದು ಕೂಗಿದರೆ ಕೇಳದಷ್ಟು ದೂರ. ಮಕ್ಕಳು ಬೆಂಗಳೂರಿನಲ್ಲಿ, ಹೊರದೇಶದಲ್ಲಿ; ಮನೆಯಲ್ಲಿ ವಯಸ್ಸಾದವರು. ಕಾಫಿಗೂ ಮೆಣಸಿಗೂ ಬೆಲೆ ಏರಿದ ಮೇಲೆ ಕಣದಿಂದ ಮೂಟೆ ಹೋಗುವುದು, ಗಿಡದಿಂದಲೇ ಹಣ್ಣು ಹೋಗುವುದು ನಡೆದಿದೆ. ಗುರುತು ಪರಿಚಯ ಇಲ್ಲದ ನೂರಾರು ಜನ ಭಾನುವಾರ ಸಿದ್ದಾಪುರ ಸಂತೆಯಲ್ಲಿ ನಮಗೆ ತಿಳಿಯದ ಭಾಷೆಯಲ್ಲಿ ಮಾತಾಡಿಕೊಂಡು ಓಡಾಡುವಾಗ ಹಳಬರಿಗೆ ಇದು ನಮ್ಮೂರೇ ಹೌದೇ ಎಂಬ ಅನುಮಾನ ಹುಟ್ಟುತ್ತದೆ. ನಾನೂ ಸಂಜೆ ಏಳಕ್ಕೇ ಚಿಲಕ ಹಾಕುತ್ತೇನೆ. ದೇಶಕ್ಕೆ ಗಡಿ ಇದೆ, ಗಡಿ ಕಾಯುವ ಹಕ್ಕು ಸರ್ಕಾರಕ್ಕಿದೆ, ಕಾಗದವಿಲ್ಲದೆ ಗಡಿ ದಾಟಿ ಬಂದವರು ಇರುವುದೂ ನಿಜ. ಇವೆಲ್ಲವನ್ನೂ ಒಪ್ಪಿಕೊಂಡೇ ಮುಂದಿನ ಮಾತು ಹೇಳುತ್ತಿದ್ದೇನೆ.

ನಮ್ಮ ಚರ್ಚೆಯಲ್ಲಿ ಮೂರು ಬಗೆಯ ಜನರನ್ನು ಒಂದೇ ಮೂಟೆಯಲ್ಲಿ ಕಟ್ಟಿಬಿಟ್ಟಿದ್ದೇವೆ. ಅಸ್ಸಾಂ, ಜಾರ್ಖಂಡ್, ಪಶ್ಚಿಮ ಬಂಗಾಳದಿಂದ ಬಂದ ಭಾರತೀಯ ಒಬ್ಬ. ಸಂವಿಧಾನದ 19ನೇ ವಿಧಿ ಅವನಿಗೆ ದೇಶದ ಯಾವ ಮೂಲೆಯಲ್ಲಾದರೂ ಓಡಾಡುವ, ನೆಲೆಸುವ, ದುಡಿಯುವ ಹಕ್ಕನ್ನು ಕೊಟ್ಟಿದೆ. ನಮ್ಮ ಹುಡುಗರು ಬೆಂಗಳೂರಿಗೆ ಹೋಗುವುದು ಇದೇ ಹಕ್ಕಿನಿಂದ. ತನ್ನ ದೇಶದಲ್ಲಿ ಬದುಕಲಾರದೆ ಇಲ್ಲಿ ಆಶ್ರಯ ಕೇಳಿ ಬಂದವನು ಇನ್ನೊಬ್ಬ. ಅನುಮತಿಯಿಲ್ಲದೆ ನುಸುಳಿ ಬಂದ ಪರದೇಶಿ ಮೂರನೆಯವನು. ಇವನ ವಿಷಯಕ್ಕೆ ಕಾನೂನಿದೆ. ಹಳೆಯ ನಾಲ್ಕು ಕಾಯ್ದೆಗಳ ಜಾಗದಲ್ಲಿ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದೆ. ಆ ಕಾಯ್ದೆಯಲ್ಲಿ ಬೈಕಿನಲ್ಲಿ ಬರುವವರಿಗೆ ಯಾವ ಅಧಿಕಾರವೂ ಇಲ್ಲ.

ಆಶ್ರಯ ಎಂಬ ಮಾತು ನಮಗೆ ಹೊಸದೂ ಅಲ್ಲ. ಕುಶಾಲನಗರದ ಸೇತುವೆ ದಾಟಿ ಕೊಪ್ಪದಿಂದ ತಿರುಗಿದರೆ ಬೈಲುಕುಪ್ಪೆ. 1959ರಲ್ಲಿ ಟಿಬೆಟ್ ಬಿಟ್ಟು ಬಂದವರಿಗೆ ಅಂದಿನ ಮೈಸೂರು ರಾಜ್ಯ ಅಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ನಮ್ಮ ದೇಶ 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಅಂದೂ ಸಹಿ ಹಾಕಿರಲಿಲ್ಲ, ಇಂದೂ ಹಾಕಿಲ್ಲ. ನಿರಾಶ್ರಿತರಿಗೆಂದೇ ಒಂದು ಕಾನೂನು ಮಾಡಿಕೊಂಡಿಲ್ಲ. ಆದರೂ ಜಾಗ ಕೊಟ್ಟೆವು, ನೋಂದಣಿ ಪತ್ರ ಕೊಟ್ಟೆವು, ಶಾಲೆ ಕಟ್ಟಲು ಬಿಟ್ಟೆವು. ಕಾಡು ಕಡಿದು ಜೋಳ ಬೆಳೆದು ಅವರು ನೆಲೆನಿಂತರು. ಈಗ ನಮ್ಮ ಮನೆಗೆ ನೆಂಟರು ಬಂದರೆ ಮೊದಲು ತೋರಿಸುವುದು ಅಲ್ಲಿಯ ಚಿನ್ನದ ಬುದ್ಧನನ್ನು.

ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿರುವ, ಸಿಲೋನಿನಿಂದ (ಇಂದಿನ ಶ್ರೀಲಂಕಾ) ಮರಳಿ ಬಂದ ತಮಿಳರ ಕಥೆ ಇನ್ನೂ ದೊಡ್ಡದು. ಸಿಲೋನಿನಲ್ಲಿ ಕಾಫಿ ಬೆಳೆಯುವುದಕ್ಕೆಂದೇ ಬ್ರಿಟಿಷರು ಅವರ ಹಿರಿಯರನ್ನು ಕರೆದುಕೊಂಡು ಹೋದರು. ಎಲೆ ತುಕ್ಕು ರೋಗಕ್ಕೆ ಕಾಫಿ ಸತ್ತ ಮೇಲೆ ಟೀ ತೋಟಕ್ಕೆ ಹಾಕಿದರು. 1948ರಲ್ಲಿ ಅಲ್ಲಿಯ ಪೌರತ್ವ ಕಾಯ್ದೆ ಅವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರಲ್ಲಿ ಎರಡೂ ದೇಶಗಳ ಪ್ರಧಾನಿಗಳು ಮಾಡಿಕೊಂಡ ಸಿರಿಮಾವೋ–ಶಾಸ್ತ್ರಿ ಒಪ್ಪಂದದಲ್ಲಿ 5,25,000 ಜನರನ್ನು ಭಾರತ ತೆಗೆದುಕೊಳ್ಳುತ್ತದೆ, 3,00,000 ಜನರನ್ನು ಸಿಲೋನ್ ಇಟ್ಟುಕೊಳ್ಳುತ್ತದೆ ಎಂದು ಹಂಚಿಕೊಂಡರು. ನಾಲ್ಕು ತಲೆಮಾರು ತೋಟ ಬೆಳೆಸಿದವರನ್ನು ಸಂತೆಯಲ್ಲಿ ಕುರಿ ಎಣಿಸಿದಂತೆ ಎಣಿಸಿದ್ದರು. ಕಾಫಿ ಬೆಳೆಯುವ ನಾವು ಇದನ್ನು ಮರೆಯಬಾರದು.

ಇನ್ನು ಕಾಗದದ ವಿಷಯ. ಲೈನ್ ಮನೆಗೆ ಬಂದವರೆಲ್ಲ ಕೇಳುವುದು ಆಧಾರ್. ಆಧಾರ್ ಪೌರತ್ವದ ಪುರಾವೆಯಲ್ಲ ಎಂದು ಆಧಾರ್ ಕಾಯ್ದೆಯೇ ಹೇಳುತ್ತದೆ. ಅದು ಈ ದೇಶದಲ್ಲಿ ವಾಸವಾಗಿರುವವರಿಗೆ ಸಿಗುವ ಗುರುತಿನ ಸಂಖ್ಯೆ. ಹಾಗಿದ್ದ ಮೇಲೆ ಅದನ್ನು ನೋಡಿ ಒಬ್ಬನನ್ನು ಭಾರತೀಯ ಅನ್ನುವುದೂ ತಪ್ಪು, ಪರದೇಶಿ ಅನ್ನುವುದೂ ತಪ್ಪು. ಅಸ್ಸಾಮಿನಲ್ಲಿ ಸುಪ್ರೀಂ ಕೋರ್ಟಿನ ಉಸ್ತುವಾರಿಯಲ್ಲಿ ವರ್ಷಗಟ್ಟಲೆ ಪೌರತ್ವ ನೋಂದಣಿ ನಡೆಯಿತು. 2019ರ ಆಗಸ್ಟ್ 31ರ ಅಂತಿಮ ಪಟ್ಟಿಯಲ್ಲಿ 3.11 ಕೋಟಿ ಜನರ ಹೆಸರು ಇತ್ತು, 19 ಲಕ್ಷಕ್ಕೂ ಹೆಚ್ಚು ಜನರ ಹೆಸರು ಬಿಟ್ಟುಹೋಯಿತು. ಹೆಸರು ಬಿಟ್ಟುಹೋದ ಮಾತ್ರಕ್ಕೆ ಯಾರೂ ಪರದೇಶಿ ಆಗುವುದಿಲ್ಲ, ಅದನ್ನು ತೀರ್ಮಾನಿಸಬೇಕಾದದ್ದು ನ್ಯಾಯಮಂಡಳಿ. ಅಷ್ಟು ದೊಡ್ಡ ವ್ಯವಸ್ಥೆ ಅಷ್ಟು ವರ್ಷ ಕುಳಿತರೂ ಬಗೆಹರಿಯದ ಪ್ರಶ್ನೆಯನ್ನು ಕಾಫಿ ತೋಟದ ಅಂಗಳದಲ್ಲಿ ಹತ್ತು ನಿಮಿಷದಲ್ಲಿ ಬಗೆಹರಿಸುತ್ತೇವೆ ಎನ್ನುವುದು ಎಂಥ ಮಾತು?

ಅವರ ಕಾಗದ ಏಕೆ ಸರಿ ಇರುವುದಿಲ್ಲ ಎಂದು ಒಮ್ಮೆ ನಮ್ಮ ಲೈನಿನ ಹುಡುಗನನ್ನು ಕೇಳಿದ್ದೆ. ಅವನದು ಬ್ರಹ್ಮಪುತ್ರಾ ನದಿಯ ನಡುವಿನ ಮರಳು ದಿಬ್ಬದ ಊರು. ‘ಅಮ್ಮಾ, ನದಿ ಮೂರು ಸಲ ನಮ್ಮ ಮನೆ ತೆಗೆದುಕೊಂಡು ಹೋಯಿತು. ಹೊಲ ಇದ್ದ ಜಾಗದಲ್ಲಿ ಈಗ ದೋಣಿ ಹೋಗುತ್ತದೆ’ ಎಂದ. ಹೊಲ ನೀರಿನ ತಳ ಸೇರಿದ ಮೇಲೆ ಪಹಣಿ ಯಾವ ಊರಿನದ್ದು, ಪಡಿತರ ಚೀಟಿಯಲ್ಲಿ ಯಾವ ವಿಳಾಸ?

ಅವನು ಅದನ್ನು ಹೇಳುವಾಗ ನನಗೆ 2018ರ ಆಗಸ್ಟ್ ಕಣ್ಣ ಮುಂದೆ ಬಂತು. ಮಕ್ಕಂದೂರು, ಕಾಲೂರು, ಜೋಡುಪಾಲ. ಬೆಟ್ಟವೇ ಜಾರಿ ಬಂದು ಮನೆ, ಗದ್ದೆ, ತೋಟ ಒಂದಾಗಿ ಹೋದ ದಿನಗಳು. ಐನ್‌ಮನೆಯ, ಅಂದರೆ ಮನೆತನದ ಮೂಲಮನೆಯ, ಹಿರಿಯರು ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರದ ಚಾಪೆಯ ಮೇಲೆ ಕುಳಿತಿದ್ದನ್ನು ನಾನು ನೋಡಿದ್ದೇನೆ. ಊಟ ಬಡಿಸಲು ಹೋದ ನಮ್ಮ ಕೈ ಹಿಡಿದು ಅವರು ಕೇಳುತ್ತಿದ್ದದ್ದು ಅನ್ನವನ್ನಲ್ಲ: ‘ಜಮೀನಿನ ಜಮ್ಮಾ ಪಟ್ಟಿ ಹೋಯಿತು, ಕಾರ್ಡು ಹೋಯಿತು, ನಾವು ಯಾರು ಎಂದು ಹೇಗೆ ತೋರಿಸುವುದು ಟೀಚರೇ?’ ಅಂದು ಯಾರೂ ಅವರ ಮುಖಕ್ಕೆ ಬೆಳಕು ಹಿಡಿದು ದಾಖಲೆ ತೋರಿಸಿ ಎನ್ನಲಿಲ್ಲ. ಅಧಿಕಾರಿಗಳು ಮೇಜು ಹಾಕಿಕೊಂಡು ಕುಳಿತು ಕಳೆದುಹೋದ ಕಾಗದಗಳನ್ನು ಮತ್ತೆ ಮಾಡಿಕೊಟ್ಟರು. ಅವತ್ತು ನಮಗೆ ಸಿಕ್ಕಿದ್ದು ಮನುಷ್ಯರಿಗೆ ಸಿಗಬೇಕಾದ ಮರ್ಯಾದೆ. ಅದು ನಮಗೊಂದು ಬಗೆ, ನದಿ ಮನೆ ತೆಗೆದುಕೊಂಡವನಿಗೆ ಇನ್ನೊಂದು ಬಗೆ ಇರಬೇಕೆ?

ನನ್ನ ಮಗಳ ವಿಷಯ ಹೇಳದೆ ಈ ಪತ್ರ ಪೂರ್ತಿಯಾಗುವುದಿಲ್ಲ. ಮಂಗಳೂರಿನಲ್ಲಿ ನರ್ಸಿಂಗ್ ಓದಿದಳು. ಒಂದು ವರ್ಷ ಕುಳಿತು ಜರ್ಮನ್ ಭಾಷೆ ಕಲಿತು, ಬಿ2 ಹಂತದ ಪರೀಕ್ಷೆ ಪಾಸು ಮಾಡಿ, ಈಗ ಜರ್ಮನಿಯ ಆಸ್ಪತ್ರೆಯೊಂದರಲ್ಲಿದ್ದಾಳೆ. ಅಲ್ಲಿ ಮುದುಕರು ಹೆಚ್ಚು, ನೋಡಿಕೊಳ್ಳುವ ಕೈ ಕಡಿಮೆ. ಕುಶಲ ಕೆಲಸಗಾರರನ್ನು ಹೊರದೇಶಗಳಿಂದ ಕರೆಯಲು ಜರ್ಮನಿ 2020ರ ಮಾರ್ಚ್‌ನಿಂದ ಪ್ರತ್ಯೇಕ ಕಾನೂನು ತಂದಿತು. 2024ರ ಅಕ್ಟೋಬರಿನಲ್ಲಿ ಕುಶಲ ಭಾರತೀಯರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಹೇಳಿತು. ಹೋದ ಎರಡು ವಾರದೊಳಗೆ ಅವಳು ನಗರ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕಿತ್ತು. ಹೋದಳು, ಬರೆಸಿದಳು, ಒಂದು ಹಾಳೆ ಕೊಟ್ಟರು. ಬ್ಯಾಂಕಿನ ಖಾತೆ, ತೆರಿಗೆ ಸಂಖ್ಯೆ, ಮನೆಯ ಕರಾರು ಎಲ್ಲಕ್ಕೂ ಆ ಹಾಳೆಯೇ ಕೀಲಿ. ‘ಅಮ್ಮಾ, ಇಲ್ಲಿ ಹೆಸರು ಬರೆಸಿದ ಮೇಲೆ ನನಗೆ ಧೈರ್ಯ ಬಂತು’ ಎಂದು ಅಂದು ಫೋನಿನಲ್ಲಿ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ನಮ್ಮಲ್ಲಿ ಹೆಸರು ಬರೆಸಿಕೊಂಡವನಿಗೆ ಭಯ ಹುಟ್ಟುತ್ತದೆ.

ಅಲ್ಲಿ ಎಲ್ಲವೂ ಸರಿಯಿದೆ ಎಂದು ಹೇಳಲಾರೆ. 2025ರ ಫೆಬ್ರವರಿಯ ಚುನಾವಣೆಯಲ್ಲಿ ವಲಸೆಯನ್ನು ವಿರೋಧಿಸುವ ಪಕ್ಷ ಶೇ 20.8ರಷ್ಟು ಮತ ಪಡೆದು ಎರಡನೇ ಸ್ಥಾನಕ್ಕೆ ಬಂದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅಲ್ಲಿಯೂ ಆಶ್ರಯ ಕೇಳಿ ಬಂದವನು ಬೇರೆ, ಕರೆದು ತಂದ ನರ್ಸ್ ಬೇರೆ ಎಂಬ ವಿವೇಚನೆ ಬೀದಿಯಲ್ಲಿ ಸಿಟ್ಟುಗೊಂಡವನಿಗೆ ಇರುವುದಿಲ್ಲ, ಬಣ್ಣವೊಂದೇ ಕಾಣುತ್ತದೆ. ಬ್ರಿಟನ್ ವಯಸ್ಸಾದವರನ್ನು, ಅಶಕ್ತರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೊರದೇಶದವರನ್ನು ಕೈ ಬೀಸಿ ಕರೆದು, 2025ರ ಜುಲೈ 22ರಿಂದ ಹೊಸ ನೇಮಕಾತಿಯ ಬಾಗಿಲು ಮುಚ್ಚಿತು. ಮಗಳ ಸಹಪಾಠಿಯೊಬ್ಬಳು ಅದೇ ದಾರಿಯನ್ನು ನಂಬಿ ಸಾಲ ಮಾಡಿ ತಯಾರಾಗಿದ್ದಳು. ಬೇಕಾದಾಗ ಕರೆಯುವುದು, ಮತ ಕಡಿಮೆಯಾಗುತ್ತದೆ ಎಂದು ಕಂಡಾಗ ತಳ್ಳುವುದು. ಆ ದೇಶಗಳ ಈ ನಡತೆಗೆ ನಾವು ಬೇಸರಪಡುತ್ತೇವೆ. ರಾತ್ರಿ ಯಾರಾದರೂ ನನ್ನ ಮಗಳ ಬಾಗಿಲು ಬಡಿದು ಕಾಗದ ಕೇಳಿದರೆ ಎಂದು ಯೋಚಿಸಿದಾಗ ನನ್ನ ಲೈನ್ ಮನೆಯ ಅಂಗಳ ನೆನಪಾಗುತ್ತದೆ.

ಮಗಳನ್ನು ‘ಕುಶಲ ಕಾರ್ಮಿಕಳು’ ಎಂದು ಕರೆದು ವೀಸಾ ಕೊಟ್ಟರು, ಅವಳ ಬಳಿ ಪ್ರಮಾಣಪತ್ರವಿದೆ. ನಮ್ಮ ಮರ ಹತ್ತುವವನಿಗೆ ಪ್ರಮಾಣಪತ್ರವಿಲ್ಲ, ಆದ್ದರಿಂದ ಅವನು ಕೂಲಿ. ಮಾನ್ಯರೇ, ದಯವಿಟ್ಟು ಒಮ್ಮೆ ಮರದ ಕೆಳಗೆ ನಿಂತು ಅವನ ಕೆಲಸ ನೋಡಿ. ಮೆಣಸು ಕೊಯ್ಯುವವನು ಏಣಿ ಆನಿಸುವ ಮೊದಲು ಬಳ್ಳಿಯ ಬುಡ ನೋಡುತ್ತಾನೆ. ಮೂವತ್ತು ನಲವತ್ತು ಅಡಿ ಎತ್ತರದಲ್ಲಿ ಏಣಿಯನ್ನು ಸಿಲ್ವರ್ ಓಕಿಗೆ ಹಗ್ಗದಿಂದ ಬಿಗಿದು, ಒಂದು ಕೈಯಲ್ಲಿ ಕೊಂಬೆ ಹಿಡಿದು, ಇನ್ನೊಂದು ಕೈಯಲ್ಲಿ ಬಳ್ಳಿ ಹರಿಯದಂತೆ ಗೊಂಚಲು ಬಿಡಿಸಿ ಸೊಂಟದ ಚೀಲಕ್ಕೆ ಹಾಕುತ್ತಾನೆ. ಮರ ಕಪಾತು ಮಾಡುವವನು ಇನ್ನೂ ದೊಡ್ಡ ಕೆಲಸಗಾರ. ಜೂನ್ ಮಳೆ ಹಿಡಿಯುವ ಮುಂಚೆ ಹಾಲುವಾಣದ ಯಾವ ಕೊಂಬೆ ಕಡಿಯಬೇಕು, ಯಾವುದನ್ನು ಉಳಿಸಬೇಕು, ಕಡಿದ ಕೊಂಬೆ ಕೆಳಗಿನ ಕಾಫಿ ಗಿಡ ಮುರಿಯದಂತೆ ಎತ್ತ ಬೀಳಿಸಬೇಕು, ಇದೆಲ್ಲ ಅವನ ಕಣ್ಣಿನಲ್ಲಿ ಇರುತ್ತದೆ. ತಿಳಿಯದವನು ನೆರಳು ಹೆಚ್ಚು ತೆಗೆದರೆ ಬಿಸಿಲು ಬಿದ್ದ ಅರೇಬಿಕಾಕ್ಕೆ ಬಿಳಿ ಕಾಂಡಕೊರಕ ಹುಳ ಬೀಳುತ್ತದೆ, ತೋಟವೇ ಹೋಗುತ್ತದೆ. ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಕೊಡಗಿನಲ್ಲಿ ಪ್ರಾಣ ಬಿಟ್ಟವರು ಒಬ್ಬಿಬ್ಬರಲ್ಲ. ಬೆಳಗಿನ ಮಂಜಿನಲ್ಲಿ ತೋಟಕ್ಕೆ ಇಳಿದು ಆನೆಯ ಕಾಲಿಗೆ ಸಿಕ್ಕವರೂ ಇದ್ದಾರೆ. ಇಂಥ ಕೆಲಸವನ್ನು ಅಕುಶಲ ಎಂದು ಬರೆದಿಟ್ಟವರು ಏಣಿಯ ಮೇಲೆ ಒಮ್ಮೆಯೂ ಹತ್ತಿದವರಲ್ಲ.

ಸ್ಥಳೀಯರು ಏಕೆ ಮಾಡುವುದಿಲ್ಲ ಎಂದು ಕೇಳುವವರಿದ್ದಾರೆ. 2001ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,48,561; 2011ರಲ್ಲಿ 5,54,519. ಹತ್ತು ವರ್ಷದಲ್ಲಿ ಆರು ಸಾವಿರ ಜನವೂ ಹೆಚ್ಚಲಿಲ್ಲ. ಹಳೆಯ ಕಾರ್ಮಿಕರ ಮಕ್ಕಳು ಓದಿದರು, ಪೇಟೆಗೆ ಹೋದರು. ಟೀಚರಾಗಿ ಅದಕ್ಕೆ ನಾನು ಸಂತೋಷಪಡುತ್ತೇನೆ. ಇನ್ನು ಇಲ್ಲಿಯ ಆದಿವಾಸಿಗಳಾದ ಯರವರು, ಜೇನುಕುರುಬರು. ತಲೆಮಾರುಗಳ ಕಾಲ ತೋಟದ ಲೈನಿನಲ್ಲೇ ಹುಟ್ಟಿ ಲೈನಿನಲ್ಲೇ ಸತ್ತವರಿಗೆ ತಮ್ಮದೆಂದು ಒಂದು ವಿಳಾಸವೂ ಇರಲಿಲ್ಲ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಅವರ ಗುಡಿಸಲುಗಳನ್ನು ಕೆಡವಿದಾಗ ಅದು ರಾಜ್ಯಕ್ಕೆಲ್ಲ ಗೊತ್ತಾಯಿತು. ಮೂಲನಿವಾಸಿಯನ್ನೇ ವಿಳಾಸವಿಲ್ಲದೆ ಇಟ್ಟುಕೊಂಡಿದ್ದ ನಾಡು ನಮ್ಮದು, ಅದಕ್ಕೆ ಬೆಳೆಗಾರರಾದ ನಾವು ಕಾರಣ. ಹೊರಗಿನವರು ಬಂದ ಮೇಲೆ ತಮ್ಮ ಕೂಲಿ ಏರುವುದು ನಿಂತಿತು ಎಂದು ಅವರು ದೂರುವುದರಲ್ಲಿ ಸತ್ಯವಿದೆ.

ಆದರೆ ಕೂಲಿ ಏರದೆ ನಿಂತದ್ದು ಹೊರಗಿನವನು ಬಂದದ್ದರಿಂದಲ್ಲ, ಅವನು ಹೆದರಿಕೊಂಡಿರುವುದರಿಂದ. ಹೆದರಿದ ಆಳು ಅಗ್ಗ. ಪೊಲೀಸ್ ಹೆಸರು ಹೇಳಿದರೆ ಅರ್ಧ ಕೂಲಿಗೆ ಒಪ್ಪುತ್ತಾನೆ, ಏಣಿಯಿಂದ ಬಿದ್ದರೆ ಆಸ್ಪತ್ರೆಯ ಖರ್ಚು ಕೇಳುವುದಿಲ್ಲ, ಆಧಾರ್ ಕಾರ್ಡನ್ನು ಒಡೆಯನೋ ಮೇಸ್ತ್ರಿಯೋ ಇಟ್ಟುಕೊಂಡರೆ ಸುಮ್ಮನಿರುತ್ತಾನೆ. ತಲೆಗೆ ಇಷ್ಟು ಎಂದು ಹಣ ಹಿಡಿದು ರೈಲಿಗೆ ಹತ್ತಿಸಿ ತರುವ ಗುತ್ತಿಗೆದಾರನಿಗೂ ಈ ಭಯವೇ ಬಂಡವಾಳ. ನಮ್ಮಲ್ಲಿ ಕೆಲವರು ಸಭೆಯಲ್ಲಿ ‘ಇವರನ್ನೆಲ್ಲ ಓಡಿಸಬೇಕು’ ಎಂದು ಮೇಜು ಕುಟ್ಟಿ, ಮರುದಿನ ಬೆಳಿಗ್ಗೆ ಅದೇ ಜನರನ್ನು ಜೀಪಿನಲ್ಲಿ ತುಂಬಿಸಿಕೊಂಡು ತೋಟಕ್ಕೆ ಹೋಗುತ್ತಾರೆ. ನನ್ನ ಮಾತು ಅವರಿಗೆ ನೋವು ಮಾಡಿದರೆ ಮಾಡಲಿ. ಹೊರಗಿನಿಂದ ಬಂದವನಿಗೂ ಯರವರ ಹುಡುಗನಿಗೂ ಒಂದೇ ಕೆಲಸಕ್ಕೆ ಒಂದೇ ಕೂಲಿ, ಒಂದೇ ರಕ್ಷಣೆ ಸಿಕ್ಕಿದ ದಿನ ಯಾರೂ ಯಾರ ಅನ್ನವನ್ನೂ ಕಸಿಯಲಾರರು.

ಆದ್ದರಿಂದ ನಾನು ಕೇಳುವುದು ಇಷ್ಟು. ಹೊರರಾಜ್ಯದ ಕಾರ್ಮಿಕರ ನೋಂದಣಿ ಆಗಲಿ, ಖಂಡಿತ ಆಗಲಿ. ಅದು ಪೊಲೀಸ್ ಠಾಣೆಯ ಮೆಟ್ಟಿಲ ಮೇಲೆ ಬೇಡ. ಕೊಯ್ಲು ಶುರುವಾಗುವ ಮುಂಚೆ ಗ್ರಾಮ ಪಂಚಾಯಿತಿಯಲ್ಲಿ ಕಾರ್ಮಿಕ ಇಲಾಖೆಯ ಮೇಜಿನ ಮುಂದೆ, ಹಗಲು ಹೊತ್ತಿನಲ್ಲಿ ಆಗಲಿ. ಅಲ್ಲಿಯೇ ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ ಮಾಡಿಸಿ. ಒಂದು ದೇಶ ಒಂದು ಪಡಿತರ ಚೀಟಿ ಯೋಜನೆ ಇದೆ, ಅಸ್ಸಾಮಿನ ಕಾರ್ಡಿಗೆ ಅಮ್ಮತ್ತಿಯಲ್ಲಿ ಅಕ್ಕಿ ಕೊಡಿಸಿ. ಕರೆತಂದ ಗುತ್ತಿಗೆದಾರನ ಪರವಾನಗಿಯನ್ನು ಮೊದಲು ಕೇಳಿ, ಅನಂತರ ಕಾರ್ಮಿಕನ ಕಾರ್ಡು ನೋಡಿ. ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ 1979ರಿಂದ ಇತ್ತು, ಈಗ 2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಯೊಳಗೆ ಸೇರಿದೆ. ನಮ್ಮ ಲೈನ್ ಮನೆಗಳಲ್ಲಿ ಅದರ ಹೆಸರು ಕೇಳಿದವರೇ ಇಲ್ಲ. ಯಾರ ಮೇಲಾದರೂ ನಿಜವಾದ ಸಂಶಯವಿದ್ದರೆ ಪೊಲೀಸರು ಸಮವಸ್ತ್ರದಲ್ಲಿ ಬರಲಿ, ಕಾನೂನಿನಂತೆ ವಿಚಾರಿಸಲಿ, ನಾನೇ ಬಾಗಿಲು ತೆರೆದು ಕುರ್ಚಿ ಹಾಕುತ್ತೇನೆ. ಖಾಸಗಿ ಗುಂಪುಗಳು ರಾತ್ರಿ ತೋಟಕ್ಕೆ ನುಗ್ಗಿದರೆ ದೂರು ದಾಖಲಿಸುತ್ತೇವೆ ಎಂದು ಜಿಲ್ಲಾಡಳಿತ ಒಂದು ಸುತ್ತೋಲೆ ಹೊರಡಿಸಲಿ. ಅದನ್ನು ಸಂತೆಯ ಕಂಬಕ್ಕೆ ಅಸ್ಸಾಮಿ, ಬಂಗಾಳಿ, ಹಿಂದಿಯಲ್ಲೂ ಅಂಟಿಸಲಿ.

ಮರ ಕಪಾತು ಮತ್ತು ಮೆಣಸು ಕೊಯ್ಲಿಗೆ ತರಬೇತಿಯನ್ನೂ ಪ್ರಮಾಣಪತ್ರವನ್ನೂ ಕೊಡಿ. ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು, ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ. ಮೂವರೂ ಕುಳಿತರೆ ಹದಿನೈದು ದಿನದ ಒಂದು ತರಬೇತಿ ರೂಪಿಸುವುದು ಕಷ್ಟವಲ್ಲ. ಆದಿವಾಸಿ ಹುಡುಗರಿಗೆ ಅದರಲ್ಲಿ ಮೊದಲ ಸ್ಥಾನ ಇರಲಿ. ಸುರಕ್ಷತಾ ಬೆಲ್ಟ್, ವಿದ್ಯುತ್ ಹರಿಯದ ಏಣಿ, ಅಪಘಾತ ವಿಮೆ ಇಲ್ಲದೆ ಯಾರನ್ನೂ ಮರ ಹತ್ತಿಸಬಾರದು ಎಂಬ ನಿಯಮವನ್ನು ನಮ್ಮ ಮೇಲೆ ಹಾಕಿ, ಖರ್ಚನ್ನು ನಾವು ಕೊಡುತ್ತೇವೆ. ಕಾಫಿಗೆ ಈಗಿನ ಬೆಲೆ ಇರುವಾಗ ಆಗುವುದಿಲ್ಲ ಎಂದು ಹೇಳಲು ನಮಗೆ ಬಾಯಿಲ್ಲ. ಅವರ ಮಕ್ಕಳನ್ನು ಅಂಗನವಾಡಿಗೆ, ಶಾಲೆಗೆ ಸೇರಿಸಿಕೊಳ್ಳಿ. ನಮ್ಮ ಲೈನಿನಲ್ಲಿದ್ದ ಐದು ವರ್ಷದ ಹುಡುಗಿ ಒಂದೇ ಕೊಯ್ಲಿನಲ್ಲಿ ನನ್ನಿಂದ ಅ ಆ ಇ ಈ ಕಲಿತು ಕಣದ ಸಿಮೆಂಟಿನ ಮೇಲೆ ಸೀಮೆಸುಣ್ಣದಿಂದ ಬರೆದಿದ್ದಳು. ಕಾಫಿ ಹರಡಿ ಒಣಗಿಸಿದರೂ ಅದು ಕೆಲವು ದಿನ ಉಳಿದಿತ್ತು.

ಮೊನ್ನೆ ಬ್ರಹ್ಮಪುತ್ರಾ ಕಡೆಯ ಆ ಹುಡುಗ ಫೋನ್ ಮಾಡಿದ್ದ. ಬಿಟ್ಟುಹೋದ ನಾಲ್ಕು ದಿನದ ಕೂಲಿಯನ್ನು ಹನ್ನೊಂದು ಜನರ ಹೆಸರಿನ ಲಕೋಟೆಯಲ್ಲಿ ಹಾಕಿಟ್ಟಿದ್ದೇನೆ ಎಂದೆ. ಅವನು ಹಣದ ಮಾತು ಆಡಲಿಲ್ಲ. ‘ಅಮ್ಮಾ, ಈ ಸಲ ಬರಬಹುದಾ? ಏನೂ ಆಗುವುದಿಲ್ಲ ತಾನೇ?’ ಎಂದು ಕೇಳಿದ. ಜನವರಿ ಮೊದಲ ವಾರ ನನ್ನ ರೋಬಸ್ಟಾ ಕೊಯ್ಲಿಗೆ ಬರುತ್ತದೆ. ಅಲ್ಲಿಂದ ಇಲ್ಲಿಗೆ ರೈಲಿನಲ್ಲಿ ಬರಲು ಅವರಿಗೆ ಮೂರು ನಾಲ್ಕು ದಿನ ಬೇಕು. ಅವನಿಗೆ ನಾನು ಇನ್ನೂ ಉತ್ತರ ಹೇಳಿಲ್ಲ. ನಿಮ್ಮ ಉತ್ತರ ಬಂದ ಮೇಲೆ ಹೇಳುತ್ತೇನೆ.

ಇಂತಿ ವಿಶ್ವಾಸದೊಂದಿಗೆ,
ಅಮ್ಮತ್ತಿ ಸಮೀಪದ ಒಬ್ಬ ಕಾಫಿ ಬೆಳೆಗಾರ್ತಿ, ನಿವೃತ್ತ ಶಿಕ್ಷಕಿ